ಅತ್ತೆಯ ಹೆಸರು, ಸೊಸೆಯ ಹೆಸರು

ನಾನು ಚಿಕ್ಕವಳಿದ್ದಾಗ ನಮ್ಮ ತಲೆಯ ಮೇಲೆ ಒಂದು ದೊಡ್ಡ ಸಂಸಾರ ನಡೆಯುತ್ತಿತ್ತು. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ ಮಕ್ಕಳೇ, ನಿಜವಾಗಿಯೂ ತಲೆಯ ಮೇಲೆಯೇ. ಶಿಕಾಗೋ ಊರಿನ ಉತ್ತರ ಭಾಗದಲ್ಲಿ, ಕೆಂಪು ಇಟ್ಟಿಗೆಯ ಎರಡಂತಸ್ತಿನ ಮನೆಯೊಂದರ ಕೆಳಗೆ ನಾವು ಬಾಡಿಗೆಗೆ ಇದ್ದೆವು. ಮೇಲಿನ ಅಂತಸ್ತಿನಲ್ಲಿ ಒಬ್ಬ ರಬ್ಬಿ, ಅವರ ಹೆಂಡತಿ, ಏಳು ಮಕ್ಕಳು. ರಬ್ಬಿ ಎಂದರೆ ಯೆಹೂದಿಗಳ ಗುರುಗಳು. ಇವರು ಹಸೀದಿ ಪಂಥದವರು, ತಲೆತಲಾಂತರದಿಂದ ಗುರುಗಳ ಮನೆತನ. ರಬ್ಬಿ ಅಂಕಲ್‌ಗೆ ಎದೆಯವರೆಗೆ ಗಡ್ಡ, ಬೇಸಿಗೆಯಲ್ಲೂ ಮೊಣಕಾಲು ಮುಟ್ಟುವ ಕಪ್ಪು ಕೋಟು. ಅವರ ಮಕ್ಕಳೆಲ್ಲ ಒಟ್ಟಿಗೆ ಓಡಿದರೆ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳು ಗಣಗಣ ಎನ್ನುತ್ತಿದ್ದವು.

ಈಗ ಅರವತ್ತು ವರ್ಷವೇ ಆಗುತ್ತ ಬಂತು, ಎರಡು ಸಾವಿರದ ಇಸವಿ ಆಗ ಇನ್ನೇನು ಬರುವುದರಲ್ಲಿತ್ತು. ನನಗೆ ಒಂಬತ್ತು ವರ್ಷ. ನಮ್ಮ ಬೀದಿಯ ತಿರುವಿನಲ್ಲಿ ಸೀರೆ ಅಂಗಡಿ, ಅದರ ಪಕ್ಕದಲ್ಲಿ ಇಂಗು, ಮೆಂತ್ಯ, ಹಪ್ಪಳ ಮಾರುವ ಅಂಗಡಿ, ಅದರಾಚೆ ಮೇಲಿನ ಮನೆಯವರ ಜನದ ಬೇಕರಿ. ಶುಕ್ರವಾರ ಮಧ್ಯಾಹ್ನ ಸ್ಕೂಲ್ ಬಸ್ಸಿನಿಂದ ಇಳಿದರೆ ಜಡೆಯ ಹಾಗೆ ಹೆಣೆದ ಬ್ರೆಡ್ಡಿನ ಬಿಸಿ ವಾಸನೆಯೂ ಒಣಮೆಣಸಿನಕಾಯಿಯ ಘಾಟೂ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಅಪ್ಪ ದಿನಾ ಮೂವತ್ತು ಮೈಲಿ ಡ್ರೈವ್ ಮಾಡಿ ಲೈಲ್ ಎಂಬ ಊರಿನ ಆಫೀಸಿಗೆ ಹೋಗುತ್ತಿದ್ದರು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಆ ವರ್ಷ ಮೈಸೂರಿನಿಂದ ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಆರು ತಿಂಗಳಿಗೆಂದು ಬಂದಿದ್ದಳು. ಹೊರಗೆ ಚಳಿ, ಟಿವಿಯಲ್ಲಿ ಇಂಗ್ಲಿಷು, ಮಾತಾಡಲು ನಾನೊಬ್ಬಳೇ. ಹಾಗಾಗಿ ಮೇಲಿನ ಮನೆಯ ವಿಷಯಗಳನ್ನೆಲ್ಲ ಅಜ್ಜಿ ನನ್ನ ಬಾಯಿಂದ ಕೇಳಿ ಕೇಳಿ ತನ್ನ ಮನೆಯ ವಿಷಯ ಮಾಡಿಕೊಂಡಿದ್ದಳು.

ಆ ಏಳು ಮಕ್ಕಳಲ್ಲಿ ದೊಡ್ಡವಳು ನನಗೆ ಬಹಳ ಇಷ್ಟ. ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅದರ ಅರ್ಥ ಕೇಳಿಕೊಂಡ ಮೇಲೆ ಅವಳೂ ಖುಷಿಯಿಂದ ಓಗೊಡುತ್ತಿದ್ದಳು. ಸಂಜೆ ಹಿತ್ತಿಲಿನ ಮರದ ಮೆಟ್ಟಿಲ ಮೇಲೆ ಕೂತು ನನಗೆ ಜಡೆ ಹಾಕುತ್ತಿದ್ದಳು, ಬಿಗಿಯಾಗಿ, ಕಣ್ಣು ಮೇಲಕ್ಕೆ ಎಳೆದುಕೊಳ್ಳುವ ಹಾಗೆ. ಅವಳಿಗೆ ಇಪ್ಪತ್ತೆರಡು ವರ್ಷ. ಅವರಲ್ಲಿ ಅದು ತಡವಾಯಿತು ಎನ್ನುವ ವಯಸ್ಸು. ಮೂರು ಗಂಡುಗಳು ಬಂದು ನೋಡಿ ಹೋಗಿದ್ದರು, ಯಾವುದೂ ಕೂಡಿರಲಿಲ್ಲ. ಅಕ್ಕನದಾಗದೆ ತಂಗಿಗೆ ನೋಡುವಂತಿಲ್ಲ. ಮೇಲಿನ ಮನೆ ಆಂಟಿಯ ಮುಖ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು.

ಅಕ್ಕ ಒಮ್ಮೆ ತನ್ನ ಪ್ರಾರ್ಥನೆಯ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದ ಹೆಸರನ್ನು ತೋರಿಸಿ, ಅದನ್ನು ಓದುವುದನ್ನು ನನಗೆ ಕಲಿಸಿದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬೇರೆ ಯಾವುದೋ ಮುದ್ದಿನ ಹೆಸರಿನಿಂದ. ಇದು ಇಟ್ಟ ಹೆಸರು. ಅದು ರಬ್ಬಿ ಅಂಕಲ್‌ರ ಅಮ್ಮನ ಹೆಸರಂತೆ. ಎರಡನೆಯ ಮಹಾಯುದ್ಧದಲ್ಲಿ ಆಕೆಯ ಮನೆಯವರೆಲ್ಲ ಸತ್ತು, ಆಕೆ ಒಬ್ಬಳೇ ಉಳಿದು, ಹಡಗು ಹತ್ತಿ ಈ ದೇಶಕ್ಕೆ ಬಂದಿದ್ದಳಂತೆ. "ಅವಳ ಹತ್ರ ಇದ್ದ ಆಸ್ತಿ ಇದೊಂದೇ ಕಣೇ, ಹೆಸರು. ಈಗ ನನ್ನ ಹತ್ರ ಇದೆ," ಎಂದಿದ್ದಳು ಅಕ್ಕ.

ನಾನು ಹೇಳಹೊರಟ ದಿನ ನವೆಂಬರ್ ತಿಂಗಳ ಒಂದು ಭಾನುವಾರ. ಬೆಳಕು ಹರಿಯುವ ಮೊದಲೇ ಡೆಟ್ರಾಯಿಟ್ ಬಿಟ್ಟು, ಐದು ಗಂಟೆ ಡ್ರೈವ್ ಮಾಡಿಕೊಂಡು ನಾಲ್ಕನೆಯ ಗಂಡು ಬಂದ. ಜೊತೆಗೆ ಅವನ ಅಪ್ಪ, ಅಮ್ಮ. ಅವರದೂ ರಬ್ಬಿಗಳ ಮನೆತನವೇ. ಹುಡುಗನ ಕೋಟಿನ ಗುಂಡಿ ಕೊರಳವರೆಗೆ ಹಾಕಿತ್ತು, ಕಿವಿ ಚಳಿಗೆ ಕೆಂಪಾಗಿತ್ತು. ನಾನು ಪರದೆಯ ಸಂದಿಯಿಂದ ನೋಡಿದ್ದು ಅಷ್ಟು. ಅಪ್ಪ ಹಿಂದಿನ ಓಣಿಯಲ್ಲಿ ನಮ್ಮ ಕಾರು ತೆಗೆದು ಅವರ ವ್ಯಾನಿಗೆ ಜಾಗ ಮಾಡಿಕೊಟ್ಟರು. ಒಳಗೆ ಬಂದು ನಮ್ಮಿಬ್ಬರಿಗೂ ಬುದ್ಧಿ ಹೇಳಿದರು: "ನೋಡಿ, ಇದು ಅವರ ಮನೆ ವಿಷಯ. ನೀವಿಬ್ರೂ ಸುಮ್ನೆ ತಲೆ ಹಾಕ್ಬೇಡಿ." ಅಮ್ಮನಿಗೆ ಅಂದು ಡ್ಯೂಟಿ ಇತ್ತು. ಅಪ್ಪ ಅವಳನ್ನು ಬಿಟ್ಟುಬರಲು ಹೊರಟರು. ಕಾರಿನ ಸದ್ದು ದೂರವಾದದ್ದೇ ತಡ, ಅಜ್ಜಿ ಕುರ್ಚಿಯನ್ನು ಎಳೆದುಕೊಂಡು ಬಿಸಿಗಾಳಿಯ ಜಾಲರಿಯ ಹತ್ತಿರ ಕೂತಳು.

ಆ ಜಾಲರಿಯ ಗುಟ್ಟು ಹೇಳಬೇಕು. ಎರಡು ಮನೆಗೂ ಬಿಸಿಗಾಳಿ ಬರುವುದು ಒಂದೇ ಕೊಳವೆಯಿಂದ. ಗೋಡೆಯ ಬುಡದ ಜಾಲರಿಗೆ ಕಿವಿ ಕೊಟ್ಟರೆ ಮೇಲಿನ ಮನೆಯ ಊಟದ ಕೋಣೆಯ ದನಿಗಳು ಇಳಿದು ಬರುತ್ತಿದ್ದವು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ಅವರಲ್ಲಿ ಹುಡುಗ ಹುಡುಗಿ ಒಂದು ಕೋಣೆಯಲ್ಲಿ, ಮೇಜಿನ ಆಚೆ ಈಚೆ ಕೂರಬೇಕು, ಬಾಗಿಲು ಅರ್ಧ ತೆರೆದಿರಬೇಕು, ದೊಡ್ಡವರು ಅಡುಗೆಮನೆಯಲ್ಲಿರಬೇಕು. ಅಕ್ಕ ಇದನ್ನು ನನಗೆ ಮೊದಲೇ ಹೇಳಿದ್ದಳು. ಉಪ್ಪಿಟ್ಟು ಕೇಸರಿಬಾತ್ ಇಲ್ಲದೆ ಹೆಣ್ಣು ನೋಡುವುದೆಂದರೆ ಅದೆಂಥ ಚೆಂದ ಎಂದು ಅಜ್ಜಿ ಗೊಣಗಿದಳು. ಮೊದಲು ಕುರ್ಚಿ ಕಿರ್ ಎಂದಿತು. ಆಮೇಲೆ ಹುಡುಗನ ತಗ್ಗಿದ ದನಿ. ಆಮೇಲೆ ಅಕ್ಕ ನಕ್ಕಳು! ಹಿಂದೆ ಬಂದ ಮೂವರ ಮುಂದೆ ಅವಳು ಒಮ್ಮೆಯೂ ನಕ್ಕಿರಲಿಲ್ಲ. ಆ ಮೂರು ಸಲವೂ ನಾನು ಇದೇ ಜಾಲರಿಯ ಮುಂದೆ ಕೂತಿದ್ದೆ, ನನಗೆ ಗೊತ್ತು.

"ಆಯ್ತು ಬಿಡು, ಇದು ಕೂಡತ್ತೆ," ಎಂದಳು ಅಜ್ಜಿ, ತಾನೇ ಹೆಣ್ಣಿನ ಕಡೆಯವಳೆಂಬಂತೆ. ಪೆಟ್ಟಿಗೆಯಿಂದ ಪಂಚಾಂಗ ತೆಗೆದಳು. ಜಾತಕವಿಲ್ಲದಿದ್ದರೆ ಹೆಸರುಬಲ ನೋಡುವುದು ನಮ್ಮ ಕಡೆಯ ರೂಢಿ: ಹುಡುಗ ಹುಡುಗಿಯ ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರ ಹಿಡಿದು, ಹೊಂದುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕುವುದು. ಹುಡುಗನ ಹೆಸರನ್ನು ನನ್ನಿಂದ ಕೇಳಿಕೊಂಡು ಬೆರಳು ಎಣಿಸಿ, ಚೆನ್ನಾಗಿದೆ ಎಂದಳು. ಅಷ್ಟಕ್ಕೇ ಬಿಡಲಿಲ್ಲ. "ಅತ್ತೆ ಸೊಸೆಗೂ ನೋಡ್ಬೇಕು ಪುಟ್ಟಿ. ಗಂಡ ಹೊರಗೆ ಹೋಗ್ತಾನೆ, ಬರ್ತಾನೆ. ಇವಳು ಏಗೋದು ಅತ್ತೆ ಜೊತೆ."

ಆಗಲೇ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಸಾಕ್ಷಾತ್ ಡೆಟ್ರಾಯಿಟ್ ಆಂಟಿಯೇ, ಹುಡುಗನ ಅಮ್ಮ! ದಪ್ಪನೆಯ ಮೈ, ನೀಲಿ ಉಡುಪು, ಒಂದು ಎಳೆಯೂ ಅಲುಗದ ಕಂದು ಕೂದಲು. ಮದುವೆಯಾದ ಹೆಂಗಸರು ಅವರಲ್ಲಿ ಸ್ವಂತ ಕೂದಲನ್ನು ಮುಚ್ಚಿ ಮೇಲೆ ಟೋಪನ್ ಹಾಕುತ್ತಾರೆ ಎಂಬುದು ನನಗೆ ಗೊತ್ತಿತ್ತು, ಆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೇಲೆ ಅಡುಗೆಮನೆಯಲ್ಲಿ ಸೆಕೆ, ಸ್ವಲ್ಪ ನೀರು ಬೇಕಿತ್ತು ಎಂದರು. ಮೇಲೆ ನೀರಿಲ್ಲವೇ ಎಂದು ನಾನು ಯೋಚಿಸುವಷ್ಟರಲ್ಲಿ ಅಜ್ಜಿ ನನ್ನನ್ನು ತಿವಿದಳು: "ಹೆಣ್ಣು ನೋಡೋಕೆ ಬಂದೋರು ಅಕ್ಕಪಕ್ಕ ವಿಚಾರಿಸದೆ ಹೋಗ್ತಾರೇನೇ? ಚೆನ್ನಾಗಿ ಹೇಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ."

ಆಂಟಿ ಅಡುಗೆಮನೆಯ ಮೇಜಿನ ಮುಂದೆ ಕೂತರು. ಅಜ್ಜಿ ಕಾಫಿಗೆ ಎದ್ದಳು. ಅವರು ನಮ್ಮ ಪಾತ್ರೆಯಲ್ಲಿ ಮಾಡಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾನು ಪಿಸುಗುಟ್ಟಿದೆ. ಅಜ್ಜಿಗೆ ಬೇಸರವೇನೂ ಆಗಲಿಲ್ಲ. "ಮಡಿ! ನಮ್ಮತ್ತೆಗಿಂತ ಹೆಚ್ಚೇನಲ್ಲ ಬಿಡು," ಎಂದು ಗಾಜಿನ ಲೋಟದಲ್ಲಿ ನೀರು, ಸಿಪ್ಪೆ ಸುಲಿಯದ ಬಾಳೆಹಣ್ಣು ತಂದಿಟ್ಟಳು. ಆಂಟಿ ನೀರು ಕುಡಿದರು, ಹಣ್ಣು ತಿಂದರು, ಆಮೇಲೆ ನನ್ನನ್ನು ಇಂಗ್ಲಿಷಿನಲ್ಲಿ ವಿಚಾರಿಸತೊಡಗಿದರು. ಮೇಲಿನ ಹುಡುಗಿಗೆ ಸಿಟ್ಟು ಬಂದರೆ ಏನು ಮಾಡುತ್ತಾಳೆ? ತಮ್ಮಂದಿರನ್ನು ಹೊಡೆಯುತ್ತಾಳೆಯೇ? ನಾನು ಒಂದೂ ಸುಳ್ಳು ಹೇಳಬೇಕಾಗಲಿಲ್ಲ. ಸಿಟ್ಟು ಬಂದರೆ ಅಕ್ಕ ನೆಲ ಒರೆಸುತ್ತಾಳೆ ಎಂದೆ. ಆಂಟಿ ಜೋರಾಗಿ ನಕ್ಕರು. ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ, ಅವಳೂ ನಕ್ಕಳು. ನನಗೆ ತಲೆಯ ಮೇಲೆ ಕೊಂಬು ಮೂಡಿದಂತಾಯಿತು.

ಅಜ್ಜಿ ಪಂಚಾಂಗದ ಮೇಲೆ ಕೈಯಿಟ್ಟು, "ಇವರ ಹೆಸರು ಕೇಳೇ," ಎಂದಳು. ಕೇಳಿದೆ. ಆಂಟಿ ಒಂದು ಮುದ್ದು ಹೆಸರು ಹೇಳಿದರು. "ಕರೆಯೋ ಹೆಸರಲ್ಲ, ಇಟ್ಟ ಹೆಸರು," ಎಂದಳು ಅಜ್ಜಿ. ಆಂಟಿಗೆ ತಮಾಷೆಯೆನಿಸಿತು. ತಮ್ಮನ್ನು ತೊಟ್ಟಿಲಿನಿಂದಲೂ ಎಲ್ಲರೂ ಹೀಗೇ ಕರೆಯುವುದು, ಇಟ್ಟ ಹೆಸರು ತಮಗೇ ಮರೆತಂತಾಗಿದೆ ಎನ್ನುತ್ತ ಅದನ್ನು ಹೇಳಿದರು.

"ಅಯ್ಯೋ, ಅದು ಅಕ್ಕನ ಹೆಸರು!" ಎಂದು ಕಿರುಚಿದೆ ನಾನು, ಖುಷಿಯಿಂದ. ಒಂದೇ ಹೆಸರಿನ ಅತ್ತೆ ಸೊಸೆ, ಎಷ್ಟು ಚೆಂದ ಎಂದುಕೊಂಡಿದ್ದೆ.

ಆಂಟಿಯ ಮುಖದ ನಗು ಹೋಯಿತು. ಖಂಡಿತವೇ, ಖಂಡಿತವೇ ಎಂದು ನನ್ನನ್ನು ಎರಡು ಸಲ ಕೇಳಿದರು. ಪುಸ್ತಕದಲ್ಲಿ ಬರೆದದ್ದನ್ನು ಓದಿದ್ದೇನೆ ಎಂದೆ. ಅವರು ಹಣೆಗೆ ಕೈ ಒತ್ತಿಕೊಂಡು ಕೂತುಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: ನೂರಾರು ವರ್ಷಗಳ ಹಿಂದೆ ಅವರ ಗುರುಗಳೊಬ್ಬರು ಬರೆದಿಟ್ಟಿದ್ದಾರಂತೆ, ಗಂಡಸು ತನ್ನ ತಾಯಿಯ ಹೆಸರಿನ ಹೆಣ್ಣನ್ನು ಮದುವೆಯಾಗಬಾರದು ಎಂದು. ಅವರ ಮನೆತನದಲ್ಲಿ ಅದನ್ನು ಮೀರಿದವರಿಲ್ಲ. ಗಂಡಸರು ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡಿದ್ದರು. ಹುಡುಗಿಯ ತಾತ ಯಾರು, ಮುತ್ತಾತ ಯಾರು, ಅವರ ಗುರುಗಳು ಯಾರು ಎಂದು ಎಂಟು ತಲೆಮಾರು ಹಿಂದಕ್ಕೆ ಹೋಗಿದ್ದರು. ಸಂಬಂಧ ಕುದುರಿಸುವ ಹೆಂಗಸು ಕಳಿಸಿದ ಕಾಗದದಲ್ಲಿ ಹುಡುಗಿಯದೂ ಹುಡುಗನ ಅಮ್ಮನದೂ ಕರೆಯುವ ಹೆಸರೇ ಇತ್ತು. ಎಂಟು ತಲೆಮಾರಿನ ತಾತಂದಿರ ಹೆಸರು ಕೇಳಿದವರು ಅಡುಗೆಮನೆಯಲ್ಲಿರುವ ಅಮ್ಮನ ಹೆಸರು ಕೇಳಿರಲಿಲ್ಲ.

ಅಷ್ಟರಲ್ಲಿ ಜಾಲರಿಯಿಂದ ಅಕ್ಕನ ನಗು ಮತ್ತೆ ಇಳಿದು ಬಂತು. ಈ ಸಲ ಹುಡುಗನ ನಗುವೂ ಕೂಡಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆಯವರು ಸಾವಿರ ಸುಳ್ಳು ಹೇಳಿ ಮದುವೆ ಮಾಡಿಸುತ್ತಾರೆ. ನಾನು ಒಂದೇ ಒಂದು ನಿಜ ಹೇಳಿ ಅಕ್ಕನ ಮದುವೆ ಮುರಿದಿದ್ದೆ.

"ಏನಾಯ್ತೇ? ಯಾಕೆ ಇವರ ಮುಖ ಹೀಗಾಯ್ತು?" ಎಂದಳು ಅಜ್ಜಿ. ಅಳುತ್ತಲೇ ಹೇಳಿದೆ. ಅಜ್ಜಿ ಪಂಚಾಂಗ ಮುಚ್ಚಿದಳು. "ಅಷ್ಟೇನಾ? ನನಗೂ ಇದೇ ಆಗಿತ್ತು. ಹೇಳು ಇವರಿಗೆ."

ಹೀಗೆ ಒಂದೊಂದೇ ವಾಕ್ಯ ಅಜ್ಜಿ ಹೇಳಿದಳು, ಒಂದೊಂದೇ ವಾಕ್ಯ ನಾನು ಮೂಗೊರೆಸಿಕೊಳ್ಳುತ್ತ ಇಂಗ್ಲಿಷಿಗೆ ತಂದೆ. ಅಜ್ಜಿಗೆ ಹದಿನಾಲ್ಕಕ್ಕೆ ಮದುವೆ. ಅವಳ ಹೆಸರೂ ಅವಳ ಅತ್ತೆಯ ಹೆಸರೂ ಒಂದೇ. ಸೊಸೆಯನ್ನು ಕೂಗಿದರೆ ಅತ್ತೆಯ ಹೆಸರು ಹಿಡಿದು ಕೂಗಿದಂತಾಗುತ್ತದಲ್ಲ, ಅದಾಗದು ಎಂದು ಹಿರಿಯರು ಹೆಸರು ಬದಲಿಸಿದರು. ಹರಿವಾಣದಲ್ಲಿ ಅಕ್ಕಿ ಹರಡಿ, ಮದುಮಗನಾದ ನನ್ನ ತಾತನ ಕೈಯಿಂದ ಉಂಗುರದಲ್ಲಿ ಹೊಸ ಹೆಸರು ಬರೆಸಿದರು. "ನಾನು ಬಗ್ಗಿ ಓದೋ ಹೊತ್ತಿಗೆ ಯಾರದೋ ಸೆರಗು ತಗಲಿ ಅಕ್ಕಿ ಚೆಲ್ಲಾಪಿಲ್ಲಿ ಆಗೋಯ್ತು. ನನ್ನ ಹೊಸ ಹೆಸರೇನು ಅಂತ ಪಕ್ಕದಲ್ಲಿ ಕೂತೋರನ್ನ ಕೇಳ್ದೆ."

ಆಂಟಿಯ ಮುಖ ತುಸು ತಿಳಿಯಾಯಿತು. ಹೌದು, ತಮ್ಮಲ್ಲೂ ಹುಡುಗಿಗೆ ಇನ್ನೊಂದು ಹೆಸರು ಕೂಡಿಸಿ ಕರೆಯಲು ದಾರಿಯಿದೆ ಎಂದರು. ದೊಡ್ಡವರನ್ನು ಕೇಳಬೇಕು, ಅವರು ಒಪ್ಪಿದರೆ ಆಗಬಹುದು. ಏಳಲು ಹೊರಟವರು ನಿಂತು, ಅಜ್ಜಿಯನ್ನು ಒಂದು ಮಾತು ಕೇಳು ಎಂದರು: ಹೊಸ ಹೆಸರು ಇಷ್ಟವಾಯಿತೇ?

ಅಜ್ಜಿ ಪಂಚಾಂಗದ ಅಂಚನ್ನು ಬೆರಳಿನಿಂದ ಸವರಿದಳು. "ಒಳ್ಳೇ ಹೆಸರೇ. ಅತ್ತೇನೂ ಒಳ್ಳೆಯೋರೇ. ತವರಿಗೆ ಹೋದಾಗ ಮಾತ್ರ ಹಳೇ ಹೆಸರು. ಅಪ್ಪ ಅಮ್ಮ ಹೋದ್ರು, ಅಣ್ಣಂದಿರು ಹೋದ್ರು. ಈಗ ಆ ಹೆಸರು ಹಿಡಿದು ಕರೆಯೋರು ಯಾರೂ ಇಲ್ಲ. ಆ ಹುಡುಗಿ ಎಲ್ಲಿ ಹೋದಳೋ ಅಂತ ನಂಗೇ ಒಂದೊಂದ್ಸಲ ಅನ್ಸತ್ತೆ."

ನಾನು ಅದನ್ನೂ ಹೇಳಿದೆ. ಮೇಲಿನ ಹುಡುಗಿಗೆ ಆ ಹೆಸರು ಎಲ್ಲಿಂದ ಬಂತು ಎಂದು ಆಂಟಿ ನನ್ನನ್ನು ಕೇಳಿದರು. ನಾನು ಹಡಗಿನ ಅಜ್ಜಿಯ ಕಥೆ ಹೇಳಿದೆ, ಆಸ್ತಿಯ ಮಾತನ್ನೂ ಹೇಳಿದೆ. ಅವರು ಅಜ್ಜಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಒತ್ತಿ, ಮೇಲೆ ಹೋದರು.

ಆಮೇಲಿನ ಅರ್ಧ ಗಂಟೆಯನ್ನು ನಾನು ಈಗಲೂ ಮರೆತಿಲ್ಲ. ಮೇಲೆ ಓಡಾಟ, ಹೆಜ್ಜೆ, ಗಂಡಸರ ಗಟ್ಟಿ ದನಿ. ಫೋನಿನ ಗುಂಡಿ ಒತ್ತಿದ ಸದ್ದು. ಅಕ್ಕನ ನಗು ನಿಂತುಹೋಗಿತ್ತು. ಅಪ್ಪ ಬಂದರು, ನನ್ನ ಮುಖ ನೋಡಿದರು, ಅಜ್ಜಿಯ ಮುಂದಿದ್ದ ಪಂಚಾಂಗ ನೋಡಿದರು. "ತಲೆ ಹಾಕ್ಬೇಡಿ ಅಂದಿದ್ನಲ್ಲಮ್ಮ," ಎಂದು ಕೂತುಬಿಟ್ಟರು. ಅಜ್ಜಿ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು.

ಇದ್ದಕ್ಕಿದ್ದಂತೆ ಮೇಲೆ ಫಳಾರ್ ಎಂದು ಪಿಂಗಾಣಿ ಒಡೆದ ಸದ್ದಾಯಿತು.

"ಅಯ್ಯೋ ಶಿವನೇ, ತಟ್ಟೆಗಿಟ್ಟೆ ಎಸೆದಾಡೋಕೆ ಶುರುಮಾಡಿದ್ರು!" ಎಂದು ಅಜ್ಜಿ ಎದ್ದು ನಿಂತಳು. ನಾನು ಕಿವಿ ಮುಚ್ಚಿಕೊಂಡೆ. ಆದರೆ ಮುಚ್ಚಿದ ಕಿವಿಗೂ ಕೇಳುವ ಹಾಗೆ ಮನೆಮಂದಿಯೆಲ್ಲ ಒಕ್ಕೊರಲಿನಿಂದ ಕೂಗಿದರು: "ಮಾಜಲ್ ತೋವ್!" ಶುಭವಾಗಲಿ ಎಂದರ್ಥ. ಆಮೇಲೆ ಏಳು ಮಕ್ಕಳೂ ಕುಣಿದರೋ ಏನೋ, ನಮ್ಮ ಲೋಟಗಳೆಲ್ಲ ಗಣಗಣ ಎಂದವು. ಸಂಬಂಧ ಕೂಡಿದರೆ ಅವರಲ್ಲಿ ಗಂಡಿನ ತಾಯಿ, ಹೆಣ್ಣಿನ ತಾಯಿ ಇಬ್ಬರೂ ಸೇರಿ ಒಂದು ಪಿಂಗಾಣಿ ತಟ್ಟೆ ಒಡೆಯಬೇಕು. ಒಡೆದದ್ದು ಮತ್ತೆ ಕೂಡುವುದಿಲ್ಲ, ಹಾಗೆಯೇ ಕೊಟ್ಟ ಮಾತು ಹಿಂದಕ್ಕೆ ಬರುವುದಿಲ್ಲ ಎಂದು. ನಮ್ಮಲ್ಲಿ ತಾಂಬೂಲ ಬದಲಾಯಿಸಿಕೊಂಡ ಹಾಗೆ.

ಅಕ್ಕ ಹಿತ್ತಿಲ ಮೆಟ್ಟಿಲು ಇಳಿದು ಓಡಿಬಂದಳು. ಕೆನ್ನೆ ಕೆಂಪಾಗಿತ್ತು, ಮಾತು ತೊದಲುತ್ತಿತ್ತು. ಹೆಸರಿನ ವಿಷಯ ತಿಳಿದು ಅಪ್ಪಂದಿರಿಬ್ಬರೂ ತಲೆಗೆ ಕೈ ಹೊತ್ತರಂತೆ. ಡೆಟ್ರಾಯಿಟ್‌ನಲ್ಲಿದ್ದ ಹುಡುಗನ ತಾತನಿಗೆ, ಅಂದರೆ ಅವರ ಮನೆತನದ ದೊಡ್ಡ ರಬ್ಬಿಗೆ, ಫೋನ್ ಮಾಡಿದರಂತೆ. ಹೆಸರು ಕೂಡಿಸಬಹುದು, ಮೂವತ್ತು ದಿನ ಎಲ್ಲರೂ ಆ ಹೊಸ ಹೆಸರಿನಿಂದ ಕರೆದು ರೂಢಿಯಾಗಬೇಕು ಎಂದರಂತೆ ಅವರು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಬೇಡ ಎನ್ನಲಾರಳು, ಹೂಂ ಎನ್ನಲೂ ಬಾಯಿ ಬರಲಿಲ್ಲ. ಆಗ ಡೆಟ್ರಾಯಿಟ್ ಆಂಟಿ ಮುಂದೆ ಬಂದರಂತೆ.

"ಹುಡುಗಿಗಲ್ಲ, ನನಗೆ ಕೂಡಿಸಿ ಅಂದ್ರು ಕಣೇ! ಐವತ್ತು ವರ್ಷದಿಂದ ಆ ಹೆಸರನ್ನ ನಾನು ಬಳಸೇ ಇಲ್ಲ, ಅವಳಿಗೆ ಅದು ಬೇಕು, ಅವಳ ಹತ್ರಾನೇ ಇರ್ಲಿ ಅಂದ್ರು. ಫೋನಲ್ಲಿ ತಾತ, ಇಂಥ ಅತ್ತೆ ಸಿಕ್ಕಿದ್ದಾಳೆ, ಬೇಗ ತಟ್ಟೆ ಒಡೀರಿ ಅಂದ್ರು," ಎಂದಳು ಅಕ್ಕ.

ನಾನು ತಪ್ಪಾಯಿತು ಎಂದೆ. ಅಕ್ಕ ನನ್ನ ಜಡೆ ಹಿಡಿದು ಎಳೆದಳು. ಮದುವೆಯ ಪತ್ರ ಬರೆಯುವಾಗ ಇಟ್ಟ ಹೆಸರೇ ಬರೆಯಬೇಕಂತೆ. ಚಪ್ಪರದಡಿ ನಿಂತಾಗ ಇದು ತಿಳಿದಿದ್ದರೆ ಗತಿಯೇನಾಗುತ್ತಿತ್ತು ಎಂದಳು. ಒಡೆದ ತಟ್ಟೆಯ ಚೂರೊಂದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಮದುವೆಯಾಗದ ಹುಡುಗಿಯರಿಗೆ ಅದು ಒಳ್ಳೆಯದಂತೆ. ಅಜ್ಜಿ ಅಕ್ಕನ ಕೆನ್ನೆ ಸವರಿ, ತನ್ನ ಕಪಾಲಕ್ಕೆ ಬೆರಳೊತ್ತಿ ಲಟಲಟ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಅಕ್ಕ ಹೋದ ಮೇಲೆ ಮಾತ್ರ, ಒಡೆದ ಪಿಂಗಾಣಿಯನ್ನು ಮನೆಯೊಳಗೆ ಇಡಬೇಡ ಎಂದು ನನ್ನನ್ನು ಗದರಿಸಿದಳು. ಅಪ್ಪ ಅದನ್ನು ಗ್ಯಾರೇಜಿನಲ್ಲಿಟ್ಟು ಇಬ್ಬರ ಮಾತನ್ನೂ ಉಳಿಸಿದರು.

ಮದುವೆಗೆ ನಾವೆಲ್ಲ ಡೆಟ್ರಾಯಿಟ್‌ಗೆ ಹೋದೆವು. ಹೆಂಗಸರ ಕಡೆಯೇ ಬೇರೆ, ಗಂಡಸರ ಕಡೆಯೇ ಬೇರೆ. ಡೆಟ್ರಾಯಿಟ್ ಆಂಟಿ ರೇಷ್ಮೆ ಸೀರೆಯ ಅಜ್ಜಿಯನ್ನು ಕುಣಿಯುವವರ ನಡುವೆ ಎಳೆದೊಯ್ದು ಒಂದು ಸುತ್ತು ಸುತ್ತಿಸಿದರು. ಅವರ ಬಳಗದವರೆಲ್ಲ ಅವರನ್ನು ಆ ಹೊಸ ಹೆಸರಿನಿಂದ ಕರೆದು, ತಪ್ಪಿದರೆ ನಕ್ಕು ತಿದ್ದಿಕೊಳ್ಳುತ್ತಿದ್ದರು.

ಆದರೆ ಆ ಭಾನುವಾರದ ಸಂಜೆಯದೇ ಒಂದು ಮಾತು ಉಳಿದಿದೆ. ನಾನು ಅಜ್ಜಿಯ ಹಳೆಯ ಹೆಸರೇನು ಎಂದು ಕೇಳಿದೆ. ಸೀತೆ, ಮನೆಯಲ್ಲಿ ಸೀತು ಎಂದಳು. ಕರೆಯಲೇ ಎಂದೆ. "ಹುಚ್ಚುಮುಂಡೇದೆ, ಅಜ್ಜೀನ ಹೆಸರು ಹಿಡಿದು ಕರೀತಾರಾ?" ಎಂದು ಬೈದು ಒಗ್ಗರಣೆಗೆ ಎದ್ದಳು. ನಾನು ನಡುಮನೆಗೆ ಹೋಗಿ ಅಲ್ಲಿಂದಲೇ, "ಸೀತೂ!" ಎಂದು ಕೂಗಿದೆ. ಸಾಸಿವೆ ಚಟಪಟ ಸಿಡಿಯುತ್ತಿತ್ತು. ಇನ್ನೊಮ್ಮೆ ಕೂಗಿದೆ. ಆಗ ಅಡುಗೆಮನೆಯಿಂದ "ಓ" ಎಂದು ಬಂತು. ನಾನು ಅಷ್ಟು ದಿನ ಕೇಳಿದ ಅಜ್ಜಿಯ ದನಿಯಲ್ಲ ಅದು, ತೆಳ್ಳಗಿತ್ತು. ನಾನು ಇಣುಕಿ ನೋಡಿದೆ. ಒಗ್ಗರಣೆ ಸೀಯುತ್ತಿತ್ತು, ಅಜ್ಜಿ ಸೌಟು ಹಿಡಿದು, ನಗುತ್ತ ನಿಂತಿದ್ದಳು.

ನಿಮ್ಮ ಕಾಲ ಬೇರೆ, ಮಕ್ಕಳೇ. ಪ್ಲೇನ್‌ಫೀಲ್ಡ್‌ನ ಈ ಮನೆಯಲ್ಲಿ ನಮ್ಮ ತಲೆಯ ಮೇಲೆ ಯಾರೂ ಇಲ್ಲ, ಪಕ್ಕದ ಮನೆಯವರ ಸಂಬಂಧ ಕೂಡಿತೋ ಮುರಿಯಿತೋ ನಮಗೆ ತಿಳಿಯುವುದಿಲ್ಲ. ನಿಮ್ಮ ಹೆಸರು ನಿಮ್ಮದು. ಬೇಕಾದರೆ ನೀವೇ ಆರಿಸಿಕೊಳ್ಳುತ್ತೀರಿ, ಬೇಡವಾದರೆ ಬಿಡುತ್ತೀರಿ, ಮದುವೆಯ ದಿನ ಅಕ್ಕಿಯ ಮೇಲೆ ಬೇರೆ ಹೆಸರು ಬರೆದು ಇನ್ನು ನೀನು ಇವಳು ಎನ್ನುವವರು ಯಾರೂ ಇಲ್ಲ. ಒಳ್ಳೆಯದೇ ಆಯಿತು, ನ್ಯಾಯವಾಗಿ ಹಾಗೆಯೇ ಇರಬೇಕು. ಈ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ನಿಮ್ಮ ತಾತ ಒಬ್ಬರೇ, ಈಗ ಅವರಿಲ್ಲ. ನೀವೆಲ್ಲ ಅಜ್ಜಿ ಅಜ್ಜಿ ಎನ್ನುತ್ತೀರಿ, ಅದು ನನಗೆ ಸಕ್ಕರೆಯೇ. ಆದರೂ ಯಾವಾಗಲಾದರೂ ಒಮ್ಮೆ, ನಾನು ಅಡುಗೆಮನೆಯಲ್ಲಿದ್ದಾಗ, ನನ್ನ ಹೆಸರು ಹಿಡಿದು ಕೂಗಿ ನೋಡಿ. ಬೈಯುತ್ತೇನೆ, ಆಮೇಲೆ ಓ ಎನ್ನುತ್ತೇನೆ.